ಆಲೂಗಡ್ಡೆ ಬೇಯಿಸಿದ ನೀರು

ಸಿಂಕಿನಲ್ಲಿ ಆಲೂಗಡ್ಡೆ ಸಿಪ್ಪೆ ಬಿದ್ದಿತ್ತು. ಪ್ರಯೋಗದ ಹಳೆಯ ತಟ್ಟೆಗಳನ್ನು ತೊಳೆಯಲು ಹಾಕಲೆಂದು ಬಂದ ಸಂಶೋಧನಾ ವಿದ್ಯಾರ್ಥಿನಿ ಅದನ್ನು ನೋಡಿ ನಿಂತಳು.

“ಅಕ್ಕ, ಇದು ಯಾರ ಊಟ?”

“ನಿನ್ನ ಮಕ್ಕಳದ್ದೇ,” ಎಂದಳು ಅಡುಗೆಯಕ್ಕ. ಪ್ರಯೋಗಾಲಯದ ಶಿಲೀಂಧ್ರಗಳಿಗೆ ಆಹಾರ ಕಾಯಿಸಿ ಗಾಜಿನ ತಟ್ಟೆಗಳಿಗೆ ಸುರಿಯುವುದು ಅವಳ ಕೆಲಸ. ಹೆಸರೂ ಅದರಿಂದಲೇ ಬಂದದ್ದು. “ಬರೀ ಉಪ್ಪು, ಸಕ್ಕರೆ ತಿಂದು ನೂಲಿನ ಹಾಗೆ ಆಗಿದ್ವು. ಬೇಯಿಸಿದ ನೀರು ಒಂದು ಸೌಟು ಹಾಕ್ದೆ. ಆಮೇಲೆ ಹೇಗೆ ತುಂಬಿಕೊಂಡ್ವು ನೋಡು.”

“ಯಾವಾಗಿಂದ?”

“ನೀನು ಸೇರಿದ ವರ್ಷದಿಂದ. ಬೆಳೀತಾ ಇಲ್ಲ ಅಂತ ಇಲ್ಲೇ ಕೂತು ಅತ್ತಿದ್ದೆಯಲ್ಲ, ಮರೆತ್ಯಾ?”

ಐದು ವರ್ಷ. ಅವಳು ಸ್ಟೂಲ್ ಎಳೆದು ಕೂತಳು.

ಟೊಮೆಟೊ ಎಲೆಯನ್ನು ಕೊಳೆಸುವ ಶಿಲೀಂಧ್ರವೊಂದು ಎಂದೋ ಆ ಗಿಡದಿಂದಲೇ ಮೂರು ಜೀನ್‌ಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ, ಅವುಗಳಿಂದಲೇ ಗಿಡದ ಕಣ್ಣಿಗೆ ಮಣ್ಣೆರಚುತ್ತದೆ ಎಂಬುದು ಅವಳ ಪ್ರಬಂಧ. ಗಿಡ ಸೋಕದಂತೆ ಬೆಳೆಸಿದ ಶಿಲೀಂಧ್ರದಲ್ಲೂ ಆ ಜೀನ್‌ಗಳು ಸಿಕ್ಕವು ಎಂಬುದೇ ಅದಕ್ಕೆ ಆಧಾರ. ಆದರೆ ಆಲೂಗಡ್ಡೆ ಟೊಮೆಟೊದ ದಾಯಾದಿ. ಸೌಟಿನಲ್ಲಿ ಬಂದ ಅದರ ಜೀನ್‌ಗಳನ್ನೇ ಅವಳು ಶಿಲೀಂಧ್ರದ್ದೆಂದು ಬರೆದಿರಬಹುದು. ಪ್ರಬಂಧ ಸೋಮವಾರ ಹೋಗಬೇಕಿತ್ತು.

“ಕಳಿಸಿಬಿಡಮ್ಮ,” ಎಂದರು ಮಾರ್ಗದರ್ಶಕರು. “ಸೌಟಿನ ವಿಷಯ ಯಾರು ಕೇಳ್ತಾರೆ?”

“ನಾನು ಕೇಳಿಬಿಟ್ಟೆನಲ್ಲ ಸರ್.”

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಇಪ್ಪತ್ತು ದಿನ ತಗೋ.”

ಗಂಡನಿಗೆ ಫೋನ್ ಮಾಡಿದಳು. “ಸೋಮವಾರಕ್ಕೆ ಮುಗಿಯುತ್ತೆ ಅಂದಿದ್ದೆಯಲ್ಲ,” ಎಂದ ಅವನು.

“ಅಂದಿದ್ದೆ.”

ಮರುದಿನ ತಾನೇ ಉಪ್ಪು, ಸಕ್ಕರೆ ತೂಗಿದಳು. ಒಂದೇ ಒಂದು ಬೀಜಕಣದಿಂದ ಶಿಲೀಂಧ್ರವನ್ನು ಬೆಳೆಸಿದಳು. ಅದರ ಚೂರನ್ನು ಹೊಸ ತಟ್ಟೆಗೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಸಿದಳು. ಅದು ನೂಲಿನ ಹಾಗೆಯೇ ಬೆಳೆಯಿತು. ಅಡುಗೆಯಕ್ಕ ದಿನವೂ ಬಾಗಿಲಲ್ಲಿ ನಿಂತು ನೋಡಿ, ಏನನ್ನೂ ಮುಟ್ಟದೆ ಹೋಗುತ್ತಿದ್ದಳು.

ಹದಿನೈದನೆಯ ದಿನ ಪರೀಕ್ಷೆಯ ಜೆಲ್ ಪದರವನ್ನು ದೀಪದ ಪೆಟ್ಟಿಗೆಯ ಮೇಲಿಟ್ಟಳು. ಜೀನ್ ಇದ್ದ ಕಡೆ ಬಿಳಿ ಗೆರೆ ಮೂಡಬೇಕು. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ಮೂರನೆಯದರಲ್ಲಿ ಗೆರೆ ಇತ್ತು, ಹಿಂದಿನ ಪರೀಕ್ಷೆಗಳಲ್ಲಿ ಇದ್ದಷ್ಟೇ ದಪ್ಪವಾಗಿ. ಅವಳು ಮತ್ತೆರಡು ಸಲ ಮಾಡಿ ನೋಡಿದಳು. ಅದೇ.

“ಎರಡನ್ನ ನಾನು ಹಾಳು ಮಾಡಿದ್ನಾ?” ಅಡುಗೆಯಕ್ಕ ಕೇಳಿದಳು.

“ಅವು ಇರಲೇ ಇಲ್ಲ ಅಕ್ಕ.”

“ಇನ್ನೊಂದು?”

“ಅದು ಗಿಡದಿಂದ ಕದ್ದಿದ್ದೇ.”

“ಮತ್ತೆ? ಒಂದು ಸಲ ಕದ್ರೂ ಕಳ್ಳ ಕಳ್ಳನೇ.”

ನಗುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಪ್ರಬಂಧ ತೆರೆದು ಶೀರ್ಷಿಕೆಯಲ್ಲಿದ್ದ ‘ಮೂರು’ ಅಳಿಸಿ ‘ಒಂದು’ ಎಂದು ಬರೆದಳು. ಎರಡು ಅಧ್ಯಾಯಗಳು ಹೋದವು. ಹಿಂದಿನ ವರ್ಷಗಳಲ್ಲಿ ಏನಾಗಿತ್ತೆಂದು ವಿಧಾನದ ಪುಟದಲ್ಲಿ ಹೇಳಲೇಬೇಕಿತ್ತು.

“ಅಕ್ಕ, ಆ ಸೌಟಿನಲ್ಲಿ ಎಷ್ಟು ಹಿಡಿಯುತ್ತೆ?”

ಅಡುಗೆಯಕ್ಕ ಮೊಳೆಯಿಂದ ಸೌಟು ತೆಗೆದು, ನಲ್ಲಿಯಡಿ ಹಿಡಿದು ತುಂಬಿಸಿ, ತುಳುಕದ ಹಾಗೆ ಅಳತೆಯ ಗಾಜಿನ ಜಾಡಿಯತ್ತ ನಡೆದಳು.