ಕಿವಿಯಣ್ಣ ನೋಡಿಕೊಟ್ಟ ಬುಲ್ಡೋಜರ್

ನನ್ನ ಕಿವಿ ಮಂದವಾಗಿದೆ ಎಂಬುದು ಆ ಬೆಳಿಗ್ಗೆಯವರೆಗೆ ಇಬ್ಬರಿಗೆ ಮಾತ್ರ ಗೊತ್ತಿತ್ತು: ಡಾಕ್ಟರಿಗೆ ಮತ್ತು ನನಗೆ. ಮಾತು ಕೇಳುತ್ತದೆ, ಸಣ್ಣ ಸದ್ದುಗಳು ಹೋಗಿವೆ, ಇನ್ನು ಬರುವುದಿಲ್ಲ ಎಂದಿದ್ದರು ಡಾಕ್ಟರು. ಮೂವತ್ತು ವರ್ಷ ಬುಲ್ಡೋಜರಿನ ಸೀಟಿನಲ್ಲಿ ಕುಳಿತವನಿಗೆ ಬೇರೆ ಯಾವ ಬಹುಮಾನ ಸಿಗುತ್ತದೆ? ಗ್ರಹಚಾರ ಏನೆಂದರೆ, ಊರೆಲ್ಲ ನನ್ನನ್ನು ಕರೆಯುವುದೇ ಕಿವಿಯಣ್ಣ ಅಂತ. ಹಳೆ ಯಂತ್ರ ಕೊಳ್ಳುವವರು ಮೊದಲು ನನ್ನ ಮನೆ ಬಾಗಿಲು ತಟ್ಟುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರಿನ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಒಳಗಿನ ಗೇರಿನ ಹಲ್ಲು ಗಟ್ಟಿಯಿದೆಯೋ ಮುರಿದಿದೆಯೋ ಹೇಳುವುದು ನನ್ನ ವಿದ್ಯೆ.

ಆ ದಿನ ಯಂತ್ರ ನೋಡಿಕೊಡಬೇಕಾಗಿದ್ದದ್ದು ಸ್ವಂತ ತಂಗಿಗೆ. ಇಪ್ಪತ್ತು ವರ್ಷ ನಡೆಸಿದ ಹೊಲಿಗೆ ಅಂಗಡಿಯನ್ನು ನಾಲ್ಕು ಮಿಷನ್ನಿನ ಸಮೇತ ಅವಳು ಹಿಂದಿನ ವಾರ ಮಾರಿದ್ದಳು. ಆ ದುಡ್ಡಿಗೆ ಒಂದು ಬುಲ್ಡೋಜರ್ ಬಂದರೆ ಅವಳ ಗಂಡ ಇನ್ನೊಬ್ಬರ ಯಂತ್ರ ಓಡಿಸುವುದು ತಪ್ಪುತ್ತಿತ್ತು. ಅವಳಿಗೆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ, ಗಂಡನ ಲೆಕ್ಕಾಚಾರದ ಮೇಲೂ ಅಷ್ಟಕ್ಕಷ್ಟೆ. ಇದ್ದದ್ದು ನನ್ನ ಮೇಲೆ. ದಾರಿಯುದ್ದಕ್ಕೂ ಜೊತೆಗಿದ್ದ ತಂಗಿಗೂ ಅವಳ ಗಂಡನಿಗೂ ನಿಜ ಹೇಳಿಬಿಡೋಣ ಎಂದುಕೊಂಡೆ, ಬಾಯಿ ಬರಲಿಲ್ಲ. ಕಿವಿ ಹೋದ ಕಿವಿಯಣ್ಣನನ್ನು ನಾಳೆಯಿಂದ ಯಾರು ಕರೆಯುತ್ತಾರೆ?

ಯಂತ್ರದ ಯಜಮಾನ ಗೇಟಿನಲ್ಲೇ ಕೈ ಮುಂದೆ ಮಾಡಿದ. ನಾನು ಅವನ ಕೈ ಹಿಡಿಯುವ ಮೊದಲು ಪಕ್ಕದಲ್ಲೇ ನಿಂತಿದ್ದ ಯಂತ್ರದ ಎಂಜಿನ್ನಿನ ಮೈ ಮುಟ್ಟಿದೆ. ಸುಡುತ್ತಿತ್ತು.

"ಬೆಳಿಗ್ಗೆ ತೊಳೆಸೋಕೆ ಆಚೆ ತಂದಿದ್ವಿ," ಅಂದ.

"ತಣ್ಣಗಾಗ್ಲಿ. ಕಾಯ್ತೀವಿ."

ತಣ್ಣಗಿರುವಾಗ ಶುರುವಾಗದ ಎಂಜಿನ್ನನ್ನು ಮೊದಲೇ ಬಿಸಿ ಮಾಡಿಡುವುದು ಹಳೆಯ ಆಟ. ಹೊಸ ಹಳದಿ ಬಣ್ಣವನ್ನಂತೂ ಕಣ್ಣಿಗೆ ಮಣ್ಣೆರಚಲೆಂದೇ ಬಳಿದಿದ್ದರು, ಸೀಟಿನ ಕೆಳಗಿನ ತುಕ್ಕನ್ನೂ ಬಿಟ್ಟಿರಲಿಲ್ಲ. ಎರಡು ಗಂಟೆ ಕಾದೆವು. ಅಷ್ಟರಲ್ಲಿ ನಾನು ನೆಲದ ಮೇಲೆ ಮಲಗಿ, ಟೈರಿನ ಬದಲು ಯಂತ್ರ ಓಡುವ ಕಬ್ಬಿಣದ ಪಟ್ಟಿಗಳನ್ನು ನೋಡಿದೆ. ಪಟ್ಟಿ ಎಳೆಯುವ ಹಲ್ಲುಚಕ್ರದ ಹಲ್ಲುಗಳು ಸವೆದು ಮೊನಚಾಗಿದ್ದವು, ಅದು ಕಣ್ಣಿಗೆ ಕಾಣುವ ಸವೆತ, ಬದಲಾಯಿಸಬಹುದು. ನನ್ನನ್ನು ಕಾಡುತ್ತಿದ್ದದ್ದು ಪಟ್ಟಿಯನ್ನು ತಿರುಗಿಸುವ ಒಳಗಿನ ದೊಡ್ಡ ಗೇರು. ಇಳಿಜಾರಿನಲ್ಲಿ ಅದು ಕೈಕೊಟ್ಟರೆ ಆ ಪಕ್ಕಕ್ಕೆ ಬ್ರೇಕೂ ಇರುವುದಿಲ್ಲ, ಯಂತ್ರ ಡ್ರೈವರನ್ನು ಹೊತ್ತುಕೊಂಡೇ ಉರುಳುತ್ತದೆ. ಅದನ್ನು ಹೊರಗಿನಿಂದ ಕಣ್ಣಲ್ಲಿ ನೋಡುವ ದಾರಿಯಿಲ್ಲ. ಕೇಳಬೇಕು.

ಎಂಜಿನ್ ತಣ್ಣಗಾದ ಮೇಲೂ ಒಂದೇ ಸಲಕ್ಕೆ ಶುರುವಾಯಿತು. ಭಾವ, ಅಂದರೆ ತಂಗಿಯ ಗಂಡ, ಸೀಟಿಗೆ ಹತ್ತಿ, ಮುಂದಿನ ಬ್ಲೇಡನ್ನೂ ನೆಲ ಸೀಳುವ ಹಿಂದಿನ ಕೊಕ್ಕೆಯನ್ನೂ ನೆಲಕ್ಕೆ ಒತ್ತಿ ಯಂತ್ರವನ್ನು ಗೇಣಷ್ಟು ಎತ್ತಿದ. ಪಟ್ಟಿಗಳು ಗಾಳಿಯಲ್ಲಿ ತಿರುಗತೊಡಗಿದವು. ನಾನು ಹಲ್ಲುಚಕ್ರದ ಮೇಲೆ ಸೀಮೆಸುಣ್ಣದ ಗೀಟೆಳೆದುಕೊಂಡು ಸ್ಕ್ರೂಡ್ರೈವರ್ ಆನಿಸಿದೆ. ಬಲಕ್ಕೆ ಬರೀ ಗುಂಯ್. ಎಡಕ್ಕೂ ಬರೀ ಗುಂಯ್, ಹಾಸಿಗೆಯೊಳಗೆ ಮುಖ ಹುದುಗಿಸಿಕೊಂಡು ಕೇಳಿದ ಹಾಗೆ. ಅದು ಯಂತ್ರದ ಗುಣವೋ ನನ್ನ ಕಿವಿಯ ಗುಣವೋ, ದೇವರಾಣೆಗೂ ಗೊತ್ತಾಗಲಿಲ್ಲ.

ನನ್ನ ಮುಖ ಸಿಂಡರಿಸದೇ ಇದ್ದದ್ದನ್ನು ಕಂಡು ಭಾವ ಮೇಲಿನಿಂದ ಹಲ್ಲು ಬಿಟ್ಟ. ಯಜಮಾನ ಕಾಗದಗಳನ್ನು ತೆಗೆದ. ತಂಗಿ ಚೀಲವನ್ನು ಎದೆಗವಚಿಕೊಂಡು ಹತ್ತಿರ ಬಂದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳುಗಳು ಜಿಪ್ಪಿನ ಮೇಲಿದ್ದವು.

"ನೀನು ಹೂಂ ಅಂದ್ರೆ ಸಾಕಣ್ಣ," ಅಂದಳು ಕಿವಿಯ ಹತ್ತಿರ ಬಾಗಿ. "ನಾನು ಮತ್ತೇನೂ ಕೇಳಲ್ಲ."

ಹೂಂ ಎಂಬುದು ಗಂಟಲವರೆಗೆ ಬಂದಿತ್ತು. ಸೀಟಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕುಳಿತ ಭಾವನನ್ನು ನೋಡಿದೆ.

"ನಂಗೆ ಕಿವಿ ಹೋಗಿದೆ ಕಣೇ," ಅಂದೆ. ಗುಟ್ಟಾಗಿ ಹೇಳಬೇಕಾದ ಮಾತನ್ನು ಎಂಜಿನ್ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು. ಅಂಗಳಕ್ಕೆಲ್ಲ ಕೇಳಿಸಿತು.

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು.

"ಏನು ಕೇಳಬೇಕು ಹೇಳು."

"ಸದ್ದು ಒಂದೇ ಸಮ ಇರ್ಬೇಕು. ನಡುವೆ ಟಕ್ ಅಂದಾಗೆಲ್ಲ ನನ್ನ ಕೈ ಮೇಲೆ ತಟ್ಟು."

ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕುಳಿತಳು. ಬಲಪಕ್ಕ ಮುಗಿಸಿ ಏನಿಲ್ಲವೆಂದು ತಲೆಯಾಡಿಸಿದಳು. ಎಡಪಕ್ಕಕ್ಕೆ ಬಂದು ಕಣ್ಣು ಮುಚ್ಚಿಕೊಂಡಳು. ಅಂಗಡಿಯ ಮಿಷನ್ನು ಹೊಲಿಗೆ ತಪ್ಪಿಸಿದಾಗಲೂ ಹೀಗೇ ಕೇಳುತ್ತಿದ್ದಳು. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು ಸುಮ್ಮನಿತ್ತು. ಸುಮ್ಮನೇ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ತಟ್ಟಿದಳು. ಚಕ್ರದ ಬಿಳಿ ಗೀಟು ಆಗ ಸರಿಯಾಗಿ ಮೇಲಿತ್ತು. ಗೀಟು ಒಂದು ಸುತ್ತು ಹಾಕಿ ಬಂತು, ಮತ್ತೆ ತಟ್ಟಿದಳು. ಮತ್ತೊಂದು ಸುತ್ತು, ಮತ್ತೆ. ಚಕ್ರದ ಜೊತೆಗೇ ಒಂದೊಂದು ಸುತ್ತು ತಿರುಗುವ ದೊಡ್ಡ ಗೇರಿನ ಹಲ್ಲು ಮುರಿದಿತ್ತು.

ನಾನು ಕೈಯೆತ್ತಿದೆ, ಭಾವ ಎಂಜಿನ್ ಆರಿಸಿದ.

"ಬಟ್ಟೆ ಹೊಲಿಯೋರ ಮಾತು ಕೇಳಿ ಯಂತ್ರ ಬಿಡ್ತೀರಾ?" ಅಂದ ಯಜಮಾನ.

"ಹಾಗಾದ್ರೆ ಮುಚ್ಚಳ ಬಿಚ್ಚೋಣ. ನಾನೇ ಬಿಚ್ಚಿ ನಾನೇ ಹಾಕ್ಕೊಡ್ತೀನಿ."

ಅವನಿಗೆ ಆಗಲೇ ಯಾರಿಗೋ ತುರ್ತಾಗಿ ಫೋನು ಮಾಡುವುದು ನೆನಪಾಯಿತು. ಆ ಕಡೆ ಹೋದವನು ತಿರುಗಿ ಬರಲಿಲ್ಲ.

ರಸ್ತೆಗೆ ಬಂದೆವು. ದುಡ್ಡಿನ ಚೀಲ ತಂಗಿಯ ಹೆಗಲ ಮೇಲೆ ಭದ್ರವಾಗಿತ್ತು. ನನಗೆ ಅಳುವಷ್ಟು ನಿರಾಳವಾಗಿತ್ತು, ನಾಚಿಕೆಯೂ ಅಷ್ಟೇ ಇತ್ತು. ಅವಳು ತಟ್ಟನೆ ನಿಂತಳು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ."

"ಈ ಎರಡು ವರ್ಷದಲ್ಲಿ ಎಷ್ಟು ಯಂತ್ರಕ್ಕೆ ಹೂಂ ಅಂದಿದೀಯ?"

ಭಾವ ತಿರುಗಿ ನನ್ನನ್ನೇ ನೋಡಿದ. ಗೊತ್ತಿದ್ದ ಲೆಕ್ಕವೇ, ರಾತ್ರಿಗಳಲ್ಲಿ ಮಗ್ಗುಲು ಬದಲಿಸಿ ಮರೆತಿದ್ದೆ ಅಷ್ಟೆ.

"ಮೂರು," ಅಂದೆ.

ಅವಳು ನನ್ನ ಜೇಬಿನಿಂದ ಫೋನು ತೆಗೆದಳು. "ಮೊದಲನೇದು ಯಾರದ್ದು?"

ಹೇಳಿದೆ. ಅವಳೇ ನಂಬರು ಹುಡುಕಿ ಒತ್ತಿ, ಆ ಕಡೆಯವರು ಎತ್ತಿದ ಮೇಲೆ ಫೋನನ್ನು ನನ್ನ ಕೈಯಲ್ಲಿಟ್ಟಳು. ಆ ಕಡೆಯಿಂದ "ಏನು ಕಿವಿಯಣ್ಣಾ, ಅಪರೂಪಕ್ಕೆ" ಎಂದು ನಗುವ ದನಿ ಕೇಳಿಸಿತು.

"ನಿನ್ನ ಬುಲ್ಡೋಜರ್ ಈಗ ಎಲ್ಲಿದೆ?" ಎಂದು ಕೇಳಿದೆ. "ಇಳಿಜಾರಲ್ಲಿದ್ರೆ ಮೊದಲು ಡ್ರೈವರನ್ನ ಕೆಳಗಿಳಿಸು. ಯಾಕೆ ಅಂತ ಆಮೇಲೆ ಹೇಳ್ತೀನಿ."