ಉಲ್ಫಾ ಖಮೀರಿಯ ಹೆಸರಿನ ಚುಕ್ಕಿ

ತಿಜಾನಿ ಖಮೀರಿ ಗೆಜೆಟ್ ಓದುತ್ತಿದ್ದದ್ದು ಹಿಂದುಮುಂದಾಗಿ, ಕೊನೆಯ ಪದದಿಂದ ಮೊದಲ ಪದದ ಕಡೆಗೆ. ಮೊದಲಿಂದ ಓದಿದರೆ ಅರ್ಥ ಕೈಹಿಡಿದು ಎಳೆದುಕೊಂಡು ಹೋಗಿಬಿಡುತ್ತದೆ, ಕಣ್ಣು ತಪ್ಪನ್ನು ದಾಟಿಬಿಡುತ್ತದೆ. ಹಿಂದಿನಿಂದ ಓದಿದರೆ ಉಳಿಯುವುದು ಬರೀ ಅಕ್ಷರ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿದ ಮನುಷ್ಯ ಅವನು. ಯಾವ ಕಾನೂನು ಬಂತು, ಯಾವ ಮಂತ್ರಿ ಮನೆಗೆ ಹೋದ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಯಾವ ಮಂತ್ರಿಯ ಹೆಸರಿನಲ್ಲಿ ಯಾವ ಅಕ್ಷರ ಜಾರಿತ್ತು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ.

ಈಗಿನ ಅಧ್ಯಕ್ಷರು ಬಂದ ಮೇಲೆ ಅವನ ಕೆಲಸ ಎರಡರಷ್ಟಾಗಿತ್ತು. ಈ ಮಹಾಶಯರಿಗೆ ಸಂಸತ್ತು ಬೇಡ, ಸಲಹೆ ಬೇಡ, ಮನಸ್ಸಿಗೆ ಬಂದದ್ದೆಲ್ಲ ಆಜ್ಞೆ. ತಮ್ಮ ಹಲ್ಲಿನ ಡಾಕ್ಟರನ್ನು ರಾಯಭಾರಿ ಮಾಡಿದರು. ಹಳೆಯ ಶಾಲೆಯ ಡ್ರಿಲ್ ಮಾಸ್ತರನ್ನು ಗವರ್ನರ್ ಮಾಡಿದರು. ಯಾಕೆ ಎಂದು ಕೇಳಿದವರನ್ನು ಟಿ.ವಿ.ಯಲ್ಲಿ ಬೆರಳು ಆಡಿಸುತ್ತ ದೇಶದ್ರೋಹಿಗಳು ಎಂದರು. ಅಧ್ಯಕ್ಷರ ಅರಮನೆಯಿಂದ ಆಜ್ಞೆಗಳು ಅವಸರದಲ್ಲಿ, ತಪ್ಪುಗಳ ಸಮೇತ ಬರುತ್ತಿದ್ದವು.

ಒಮ್ಮೆ ಹಾಗೆ ಬಂದ ಒಂದು ತಪ್ಪು ಇಡೀ ಮುದ್ರಣಾಲಯದ ನಿದ್ದೆ ಕೆಡಿಸಿತ್ತು. ಅರಬ್ಬಿಯಲ್ಲಿ ಹ, ಖ, ಜ ಮೂರಕ್ಕೂ ಆಕಾರ ಒಂದೇ, ಚುಕ್ಕಿಯಷ್ಟೇ ವ್ಯತ್ಯಾಸ. ಚುಕ್ಕಿ ಇಲ್ಲದಿದ್ದರೆ ಹ, ತಲೆಯ ಮೇಲಿದ್ದರೆ ಖ, ಹೊಟ್ಟೆಯೊಳಗಿದ್ದರೆ ಜ. 'ಹರ್ಬ್' ಎಂದರೆ ಯುದ್ಧ, 'ಜರಬ್' ಎಂದರೆ ಕಜ್ಜಿ. ಅಧ್ಯಕ್ಷರ 'ಭ್ರಷ್ಟಾಚಾರದ ಮೇಲೆ ಯುದ್ಧ' ಅರಮನೆಯಲ್ಲೇ ಒಂದು ಹೆಚ್ಚಿನ ಚುಕ್ಕಿ ಹೊತ್ತು ಬಂದು 'ಭ್ರಷ್ಟಾಚಾರದ ಮೇಲೆ ಕಜ್ಜಿ' ಎಂದು ಗೆಜೆಟ್‌ನಲ್ಲಿ ಅಚ್ಚಾಯಿತು. ಊರೆಲ್ಲ ಕೆರೆದುಕೊಂಡು ನಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮುದ್ರಣಾಲಯದ ನಿರ್ದೇಶಕನ ಕೆಲಸ ಹೋಯಿತು. ಅಂದಿನಿಂದ ಒಂದು ಪದ್ಧತಿ ಬೆಳೆಯಿತು: ಅರಮನೆ ತಪ್ಪು ಬರೆದರೆ ಕೇಳಬೇಡ, ಹೇಳಬೇಡ, ಸುಮ್ಮನೆ ತಿದ್ದು. ಆ ತಿದ್ದುವ ಕೈ ತಿಜಾನಿಯದು.

ಅವನಿಗೆ ಇದ್ದವಳು ಒಬ್ಬಳೇ ಮಗಳು, ಉಲ್ಫಾ. ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಉಲ್ಫಾ ವಿದೇಶಾಂಗ ಇಲಾಖೆಯಲ್ಲಿ ಅಧಿಕಾರಿ. ಸಭೆಗಳಲ್ಲಿ ಆಡಿದ ಮಾತನ್ನು ಬರೆದುಕೊಳ್ಳುವುದು ಅವಳ ಕೆಲಸ. ಚಳಿಗಾಲದಲ್ಲಿ ಸಮುದ್ರದಾಚೆಯಿಂದ ಯುರೋಪಿನ ಅತಿಥಿಗಳು ಬಂದಿದ್ದರು. ವಲಸೆ ಹೋಗುವವರ ದೋಣಿಗಳನ್ನು ನಡುನೀರಿನಲ್ಲೇ ಹಿಂದಕ್ಕೆ ಅಟ್ಟುವ ಒಪ್ಪಂದ. ಆ ದೋಣಿಗಳು ಮುಳುಗಿದರೆ ಏನು ಮಾಡುವುದು ಎಂದು ಅತಿಥಿಗಳಲ್ಲಿ ಒಬ್ಬ ಕೇಳಿದ. "ಮುಳುಗಿದವರನ್ನ ಮೀನು ನೋಡ್ಕೊಳ್ತವೆ" ಎಂದು ಅಧ್ಯಕ್ಷರು ನಕ್ಕರು. ಉಲ್ಫಾ ಅದನ್ನೂ ಬರೆದುಕೊಂಡಳು. ಆ ಸಾಲು ಹೊಡೆದುಹಾಕು ಎಂದು ಮೇಲಿನವರು ಮೂರು ಸಲ ಹೇಳಿದರು. ಅವಳು ಮೂರು ಸಲವೂ ಒಲ್ಲೆ ಎಂದಳು. ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು ಎಂದು ಅವಳಿಗೆ ಕಲಿಸಿದವನು ಯಾರು ಎಂದು ಬೇರೆ ಹೇಳಬೇಕೆ?

ಆ ಸಾಲು ಹೇಗೋ ಒಂದು ಪತ್ರಿಕೆಗೆ ಸಿಕ್ಕಿತು. ಮಕ್ಕಳನ್ನು ಸಮುದ್ರಕ್ಕೆ ಕೊಟ್ಟ ತಾಯಂದಿರು ಫೋಟೋ ಹಿಡಿದು ಬೀದಿಗೆ ಬಂದರು. ನಾನು ಹಾಗೆ ಹೇಳಲೇ ಇಲ್ಲ, ಇಲಾಖೆಯಲ್ಲಿ ಹಾವುಗಳಿವೆ ಎಂದು ಅಧ್ಯಕ್ಷರು ಗುಡುಗಿದರು. ಉಲ್ಫಾಳ ಮೇಲಧಿಕಾರಿ ಹೆಂಗಸೊಬ್ಬಳು ಆಗಲೇ ಜೈಲು ಸೇರಿದ್ದಳು. ಎರಡು ತಿಂಗಳಾದರೂ ವಕೀಲರಿಗೆ ಅವಳ ಮುಖ ತೋರಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಹಲ್ಫಾವೀನ್ ಬಡಾವಣೆಯ ಅವರ ಮನೆಯಲ್ಲಿ ಅಪ್ಪ ಮಗಳು ಲಬ್ಲಾಬಿ ತಿನ್ನಲು ಕೂತಿದ್ದರು. ಉಲ್ಫಾ ಕಡಲೆಸಾರಿನ ಬಟ್ಟಲಿಗೆ ರೊಟ್ಟಿ ಮುರಿದು ಹಾಕುತ್ತಲೇ ಇದ್ದಳು, ತಿನ್ನುತ್ತಿರಲಿಲ್ಲ.

"ಬಾಬಾ, ಶನಿವಾರ ಬೆಳಿಗ್ಗೆ ನಾನು ಹೊರಡ್ತೀನಿ. ಜಿನೀವಾಗೆ. ಅಲ್ಲಿ ಕೆಲಸ ಸಿಕ್ಕಿದೆ."

"ಶನಿವಾರ ಅಂದ್ರೆ? ಈ ಶನಿವಾರಾನಾ?"

"ಹ್ಞೂಂ. ಇಲಾಖೆಯಿಂದ ತೆಗೆದುಹಾಕೋರ ಪಟ್ಟಿ ಬರ್ತಿದೆ. ಗೆಜೆಟ್‌ನಲ್ಲಿ ಹೆಸರು ಬಂದೋರ ಪಾಸ್‌ಪೋರ್ಟ್ ಅಲ್ಲಿಗೆ ಮುಗೀತು. ವಿಮಾನ ನಿಲ್ದಾಣದಲ್ಲಿ ಹಿಡಿದು ನೇರ ಒಳಗೆ ಹಾಕ್ತಾರೆ. ಹತ್ತು ವರ್ಷ ಅಂತೆ."

ತಿಜಾನಿ ಚಮಚ ಕೆಳಗಿಟ್ಟ. "ಗೆಜೆಟ್ ಶುಕ್ರವಾರ ಬರತ್ತೆ ಮಗಳೇ. ಹಾಗಿದ್ರೆ ಇವತ್ತೇ ಹೋಗು."

"ಶನಿವಾರಕ್ಕೆ ಮುಂಚೆ ಸೀಟಿಲ್ಲ ಬಾಬಾ. ನೋಡೋಣ, ಹೇಗೋ ಆಗತ್ತೆ." ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಅವನ ಮಣಿಕಟ್ಟು ಹಿಡಿದುಕೊಂಡಳು. "ಒಂದು ಮಾತು. ಪಟ್ಟಿ ನಿಮ್ಮ ಮೇಜಿಗೆ ಬರಬಹುದು. ಏನ್ ಕಂಡ್ರೂ ಕೈ ಹಾಕ್ಬೇಡಿ. ಹೇಗೆ ಬಂದಿದೆಯೋ ಹಾಗೇ ಹೋಗ್ಲಿ ಬಿಡಿ. ನನ್ನಾಣೆ."

"ನಿನ್ನ ಹೆಸರು ತೆಗೀರಿ ಅಂತ ನಾನು ಯಾರ ಕಾಲಿಗೂ ಬೀಳಲ್ಲ ಕಣೇ. ಗೊತ್ತು ನಂಗೆ, ನಿನಗೆ ಅದು ಸೇರಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದ್ದ ತನ್ನ ಮಾತನ್ನು ಉಲ್ಫಾ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಎಂದು ಈಗ ಯಾರು ಬೇಕಾದರೂ ಕೇಳಬಹುದು. ಆದರೆ ನಾಳೆ ಪೊಲೀಸರು ಅಪ್ಪನನ್ನು ಕೂರಿಸಿ ಕೇಳಿದರೆ ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವನು ಗೊತ್ತಿಲ್ಲ ಎಂದರೆ ಅದು ನಿಜವೇ ಆಗಿರುತ್ತದೆ.

ಪಟ್ಟಿ ಬಂದದ್ದು ಗುರುವಾರ ಮಧ್ಯಾಹ್ನ. ಹತ್ತೊಂಬತ್ತು ಹೆಸರು, ಕೆಳಗೆ ಅಧ್ಯಕ್ಷರ ಸಹಿ. ಎದುರು ಮೇಜಿನ ಲಸ್ಸಾದ್, ತಿಜಾನಿಯ ಕೈಕೆಳಗೆ ಹತ್ತು ವರ್ಷ ಪಳಗಿದವನು, ಹಿರಿಯರಿಗೆ ಹಚ್ಚುವ 'ಸೀ' ಹಚ್ಚಿ ಆ ಕಡೆಯಿಂದ ಹಾಸ್ಯ ಮಾಡಿದ.

"ಸೀ ತಿಜಾನಿ, ಹಲ್ಲು ಕೀಳೋನು ರಾಯಭಾರಿ ಆದ್ಮೇಲೆ ರಾಯಭಾರಿಗಳೆಲ್ಲ ಹಲ್ಲು ಕೀಳೋಕೆ ಹೋಗ್ಬೇಕಲ್ವಾ? ಅದೇ ಪಟ್ಟಿ ಇರ್ಬೇಕು ನೋಡಿ."

ತಿಜಾನಿ ನಗಲಿಲ್ಲ. ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದ. ಒಂದು ಊರಿನ ಹೆಸರು ತಿದ್ದಿದ, ಒಂದು ಹುದ್ದೆಯ ಹೆಸರು ತಿದ್ದಿದ. ಏಳನೆಯ ಹೆಸರಿಗೆ ಬಂದಾಗ ಕೆಂಪು ಪೆನ್ನು ನಿಂತಿತು.

ಉಲ್ಫಾ ಬಿಂತ್ ತಿಜಾನಿ ಹಮೀರಿ.

ತಿಜಾನಿಯ ಮಗಳು ಉಲ್ಫಾ, ಸರಿ. ಆದರೆ ಹಮೀರಿ. ಖ ಅಕ್ಷರದ ತಲೆಯ ಮೇಲಿನ ಚುಕ್ಕಿ ಇಲ್ಲ. 'ಹಮೀರ್' ಎಂದರೆ ಕತ್ತೆಗಳು. ಬೆಟ್ಟದ ಕಡೆಯಿಂದ ಬಂದ ಖಮೀರಿಗಳನ್ನು ನಗರದ ಶಾಲೆಗಳಲ್ಲಿ ಆ ಚುಕ್ಕಿ ಒರೆಸಿ ಹಂಗಿಸದ ಮಕ್ಕಳಿಲ್ಲ. ತಿಜಾನಿಯ ಬೆನ್ನಿಗೆ ಹುಡುಗರು ಕತ್ತೆಯ ಚಿತ್ರ ಅಂಟಿಸಿದ್ದರು. ಆ ಮನೆತನದಲ್ಲಿ ಹೆಸರು ಬರೆಯುವಾಗ ಮೊದಲು ಚುಕ್ಕಿ ಇಟ್ಟು ಆಮೇಲೆ ಅಕ್ಷರ ಬರೆಯುತ್ತಾರೆ. ಐದು ವರ್ಷದ ಉಲ್ಫಾಳ ಕೈ ಹಿಡಿದು ಅವನೂ ಹಾಗೆಯೇ ಕಲಿಸಿದ್ದ.

ಹೆಸರು ಬರುತ್ತದೆ ಎಂದು ಗೊತ್ತಿತ್ತು. ಬಂದಾಗ ಅಳಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೂ ಬಂದಿದ್ದ. ಆದರೆ ಇದಕ್ಕೆ ತಯಾರಾಗಿರಲಿಲ್ಲ. ಹದಿನಾಲ್ಕು ವರ್ಷ ದುಡಿದ ಹುಡುಗಿಯನ್ನು ಹೊರಗೆ ಹಾಕುತ್ತಾರೆ, ಹಾಕುವಾಗಲೂ ಕತ್ತೆ ಎಂದು ಕರೆದು ಹಾಕುತ್ತಾರೆ! ಎಂದೂ ಅರ್ಥ ನೋಡದ ಮನುಷ್ಯ ಅಂದು ಅರ್ಥ ನೋಡಿದ. ಅವನು ಪೆನ್ನು ಒತ್ತಿ ದೊಡ್ಡದೊಂದು ಚುಕ್ಕಿ ಇಟ್ಟ.

ಲಸ್ಸಾದ್ ಎದ್ದು ಬಂದು ನೋಡಿದ. ಹೆಸರು ಓದಿ ಅವನ ಮುಖ ಸಣ್ಣಗಾಯಿತು.

"ಸೀ ತಿಜಾನಿ... ಸಹಿ ಆದ ಪ್ರತಿಯಲ್ಲಿ ಚುಕ್ಕಿ ಇಲ್ಲ. ಹೀಗೇ ಬಿಟ್ಬಿಡಿ. ತಪ್ಪು ಅವರದ್ದೇ ಅಲ್ವಾ?"

"ನನ್ನ ಮಗಳ ಹೆಸರು ನಂಗೆ ಗೊತ್ತಿಲ್ವೇನೋ?"

"ಅದಲ್ಲ, ಬಿಟ್ರೆ ಏನು ಹೋಗತ್ತೆ..."

"ಮರ್ಯಾದೆ ಹೋಗತ್ತೆ ಕಣೋ. ಓಡಿಸೋದಾದ್ರೆ ಅವಳ ಹೆಸರಿಟ್ಟು ಓಡಿಸ್ಲಿ. ನಾನಿರೋ ತನಕ ನನ್ನ ಮಗಳನ್ನ ಯಾರೂ ಕತ್ತೆ ಅನ್ನೋ ಹಾಗಿಲ್ಲ."

ಮಗಳಿಗಾಗಿ ತನ್ನ ಕೈಯಲ್ಲಿ ಆಗುವುದು ಇಷ್ಟೇ, ಇಷ್ಟನ್ನಾದರೂ ಮಾಡಿದೆ ಎಂದುಕೊಂಡ. ಪುಟದ ಮೂಲೆಯಲ್ಲಿ ತನ್ನ ಸಹಿ ಹಾಕಿ ಯಂತ್ರಕ್ಕೆ ಕಳಿಸಿದ. ಮನೆಗೆ ಹೋಗುವಾಗ ಅವಳಿಗೆ ಇಷ್ಟವೆಂದು ಸಂತೆಯಿಂದ ಅರ್ಧ ಕಿಲೋ ಖರ್ಜೂರ ಕಟ್ಟಿಸಿಕೊಂಡ.

ಆಣೆ ಹಾಕಿಸಿಕೊಂಡಿದ್ದ ಮಗಳಿಗೆ ಅವನು ಚುಕ್ಕಿಯ ವಿಷಯ ಹೇಳಲಿಲ್ಲ. ಶುಕ್ರವಾರ ಗೆಜೆಟ್ ಬಂದಾಗ ಅವಳು ಅದನ್ನು ತೆರೆದೂ ನೋಡಲಿಲ್ಲ. ಅವಳು ನಿರಾಳವಾಗಿದ್ದುದು ಅವನಿಗೆ ಆಶ್ಚರ್ಯ. ಧೈರ್ಯವಂತೆ ಎಂದುಕೊಂಡ. ಹಾಡು ಗುನುಗುತ್ತ ಬಟ್ಟೆ ಮಡಿಸಿದಳು, ತಾಯಿಯ ಶಾಲು ಪೆಟ್ಟಿಗೆಯ ತಳಕ್ಕೆ ಇಟ್ಟಳು.

"ಹೆಸರು ಬಂದಿದೆಯಲ್ಲ ಮಗಳೇ, ಆದ್ರೂ ಹೋಗ್ತೀಯಾ?" ಎಂದು ತಡೆಯಲಾರದೆ ಕೇಳಿದ.

"ಬಂದಿರತ್ತೆ ಬಾಬಾ, ಗೊತ್ತು. ಹೋಗ್ತೀನಿ. ಬಿಡ್ತಾರೆ, ನೋಡ್ತಿರಿ."

ಶನಿವಾರ ಬಿಡಲಿಲ್ಲ.

ತಿಜಾನಿ ಗಾಜಿನ ಗೋಡೆಯ ಈಚೆ ನಿಂತಿದ್ದ. ಪಾಸ್‌ಪೋರ್ಟ್ ನೋಡುವವನು ಗೆಜೆಟ್ ತೆಗೆದ, ಬೆರಳಿಟ್ಟು ಕೆಳಗಿಳಿದ, ಒಂದು ಕಡೆ ನಿಲ್ಲಿಸಿದ. ಉಲ್ಫಾ ಏನೋ ಹೇಳಿದಳು, ಅವನು ಗೆಜೆಟ್ ತಿರುಗಿಸಿ ತೋರಿಸಿದ. ಅವಳು ಬಗ್ಗಿ ನೋಡಿದಳು, ನೋಡುತ್ತಲೇ ಇದ್ದಳು. ಇಬ್ಬರು ಪೊಲೀಸ್ ಹೆಂಗಸರು ಬಂದರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ತಗೊಂಡು ಹೋಗಲು ಮನೆಯವರು ಯಾರಾದರೂ ಬರಲಿ ಎಂದು ತಿಜಾನಿಯನ್ನು ಒಳಗೆ ಕರೆದರು.

ಬಾಗಿಲಿಲ್ಲದ ಸಣ್ಣ ಕೋಣೆ. ಉಲ್ಫಾ ಬೆಂಚಿನ ಮೇಲೆ ಕೂತಿದ್ದಳು. ಅವನು ಪಕ್ಕದಲ್ಲಿ ಕೂತಾಗ ಅವನ ಕಿವಿಯ ಹತ್ತಿರ ಬಾಗಿದಳು.

"ಚುಕ್ಕಿ ಇರಲ್ಲ ಅಂದಿದ್ಲು ಬಾಬಾ. ನಜೀಹಾ."

"ಯಾವ ನಜೀಹಾ?"

"ಅರಮನೆಯಲ್ಲಿ ಪಟ್ಟಿ ಟೈಪ್ ಮಾಡಿದೋಳು. ನನ್ನ ಜೊತೆ ಓದಿದೋಳು. ಬೇಕಂತಲೇ ಚುಕ್ಕಿ ಬಿಟ್ಟಿದ್ಲು. ಅಧ್ಯಕ್ಷರು ನೋಡದೇ ಸಹಿ ಹಾಕಿದ್ರು. ಹಮೀರಿ ಅಂತ ಅಚ್ಚಾದ್ರೆ ಖಮೀರಿನ ಯಾರೂ ಹಿಡಿಯೋ ಹಾಗಿಲ್ಲ, ಮುಂದಿನ ಮಂಗಳವಾರದ ಗೆಜೆಟ್‌ನಲ್ಲಿ ತಿದ್ದೋ ಹೊತ್ತಿಗೆ ನೀನು ಜಿನೀವಾದಲ್ಲಿರ್ತೀಯ ಅಂದಿದ್ಲು." ಅವಳು ಹೊರಗಿನ ಪೊಲೀಸರ ಕಡೆ ಒಮ್ಮೆ ನೋಡಿದಳು. "ತನ್ನ ಕುತ್ತಿಗೆ ಒತ್ತೆ ಇಟ್ಟಿದ್ಲು ಬಾಬಾ ಅವಳು. ಯಾರು ಇಟ್ರು ಆ ಚುಕ್ಕಿನ? ಯಾರ ಮೇಜಿಗೆ ಹೋಗಿತ್ತು?"

ಏನ್ ಕಂಡ್ರೂ ಕೈ ಹಾಕ್ಬೇಡಿ. ಆ ಮಾತಿನ ಅರ್ಥ ಆಗ, ಆ ಬೆಂಚಿನ ಮೇಲೆ, ತಿಜಾನಿಗೆ ತಿಳಿಯಿತು. ಲಸ್ಸಾದ್ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು.

"ನಾನೇ," ಎಂದ. "ನಾನೇ ಮಗಳೇ. ನಿನ್ನನ್ನ ಕತ್ತೆ ಅಂದಿದ್ರು. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಉಲ್ಫಾ ಅವನನ್ನೇ ನೋಡಿದಳು. ಕೋಪ ಬರಲಿ, ಬೈಯಲಿ, ಹೊಡೆಯಲಿ ಎಂದು ಅವನು ಕಾದ.

"ಕತ್ತೆ ಅನ್ನಿಸ್ಕೊಂಡು ನಾನು ಖುಷಿಯಾಗಿ ಹೋಗ್ತಿದ್ದೆನಲ್ಲ ಬಾಬಾ," ಎಂದಳು ಮೆಲ್ಲಗೆ. ಆಮೇಲೆ ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಅವನು ಅವಳ ಬೆನ್ನು ಸವರಲು ಕೈ ಎತ್ತಿದ, ಆ ಕೈಯನ್ನು ನೋಡಿ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡ. ಅವಳೇ ಅದನ್ನು ಎತ್ತಿ ತನ್ನ ಕೈಯೊಳಗೆ ತೆಗೆದುಕೊಂಡಳು. "ನಜೀಹಾಗೆ ಹೇಳ್ಬೇಡಿ, ನೀವು ಅಂತ. ಪ್ರೆಸ್‌ನಲ್ಲಿ ಯಾರೋ ತಿದ್ದಿದ್ರು ಅಂತ ಅವಳು ಅಂದ್ಕೊಳ್ಲಿ."

ಅಧಿಕಾರಿ ಒಂದು ಹಾಳೆ ಹಿಡಿದುಕೊಂಡು ಬಂದ. ಚಿಕ್ಕ ವಯಸ್ಸಿನವನು, ಕೆಟ್ಟವನಲ್ಲ. ಹೆಂಗಸರ ಜೈಲಿಗೆ ಹೋಗುವ ಕಾಗದ ಅದು. ಮುದುಕನ ಮುಂದೆ ಹಿಡಿದ.

"ಹಾಜಿ, ಹೆಸರು ಸರಿಯಾಗಿದೆಯಾ ಒಂದ್ಸಲ ನೋಡ್ಬಿಡಿ. ತಪ್ಪಿದ್ರೆ ನಾಳೆ ಭೇಟಿಗೆ ಬಂದಾಗ ನಿಮಗೇ ಕಷ್ಟ."

ತಿಜಾನಿ ನೋಡಿದ. ಕಣ್ಣು ಮಂಜಾಗಿತ್ತು, ಅಕ್ಷರ ಕಾಣಲಿಲ್ಲ. ತಪ್ಪಿದೆ, ಇದು ನನ್ನ ಮಗಳಲ್ಲ, ಬೇರೆ ಯಾರೋ ಎಂದು ಕೂಗಬೇಕೆನ್ನಿಸಿತು.

"ಸರಿಯಾಗಿದೆ ಅಣ್ಣ," ಎಂದು ಉಲ್ಫಾಳೇ ಹೇಳಿ ಎದ್ದು ನಿಂತಳು. "ನಮ್ಮಪ್ಪ ನೋಡಿದ್ದಾರೆ."