ಗಂಟಲಲ್ಲಿ ಸಿಕ್ಕ ಕಾಳು

ಕನ್ನಡಕದಂಗಡಿಯಲ್ಲಿ ಹದಿನಾರು ವರ್ಷದಿಂದ ಕೆಲಸಕ್ಕಿದ್ದ ಅವನನ್ನು ಎಲ್ಲರೂ ಫ್ರೇಮಣ್ಣ ಎಂದೇ ಕರೆಯುತ್ತಿದ್ದರು. ಗಿರಾಕಿಯ ಮುಖದ ಹತ್ತಿರಕ್ಕೆ ಬಗ್ಗಿ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯುವುದು, ಮೂಗಿನ ಮೇಲೆ ಫ್ರೇಮು ಸರಿಯಾಗಿ ಕೂರಿಸುವುದು, ಕಿವಿಯ ಹಿಂದೆ ಕಡ್ಡಿ ಬಾಗಿಸುವುದು ಅವನ ಕೆಲಸ. ಕೈ ಎಷ್ಟು ಹಗುರವೆಂದರೆ, ರಚ್ಚೆ ಹಿಡಿದ ಮಕ್ಕಳೂ ಅವನ ಮುಂದೆ ತೆಪ್ಪಗೆ ಕೂರುತ್ತಿದ್ದವು.

ಆ ವರ್ಷ, ಅವನು ಬಗ್ಗಿದೊಡನೆ ಗಿರಾಕಿಗಳು ಉಸಿರು ಬಿಗಿಹಿಡಿಯತೊಡಗಿದರು. ವಕೀಲರೊಬ್ಬರು ಮೂಗಿಗೆ ಕರವಸ್ತ್ರ ಹಿಡಿದು "ಸ್ವಲ್ಪ ನೆಗಡಿ" ಎಂದರು. ಬಾಗಿಲು ದಾಟಿದ ಮೇಲೆ ಅದೇ ಕರವಸ್ತ್ರ ಜೇಬಿಗೆ ತುರುಕಿ, ಎದೆ ತುಂಬ ಗಾಳಿ ಎಳೆದುಕೊಂಡದ್ದು ಗಾಜಿನಾಚೆ ಕಾಣಿಸಿತು. ಫ್ರೇಮಣ್ಣನಿಗೆ ಕಿವಿಯವರೆಗೂ ಬಿಸಿಯೇರಿತು.

ಒಸಡಿನಲ್ಲಿ ರಕ್ತ ಬರುವಷ್ಟು ಹಲ್ಲುಜ್ಜಿದ. ದವಡೆಯಲ್ಲಿ ಸದಾ ಲವಂಗ ಇಟ್ಟುಕೊಂಡ. ಹಲ್ಲಿನ ಡಾಕ್ಟರು ಪರೀಕ್ಷಿಸಿ, ಇಂಥ ಹಲ್ಲು ನನಗೂ ಇಲ್ಲ ಎಂದು ನಕ್ಕು ಕಳಿಸಿದರು. ಮನೆಯಲ್ಲಿ ಅವನು ಹೆಂಡತಿಗೆ ಬೆನ್ನು ಹಾಕಿ ಮಲಗತೊಡಗಿದ.

"ನಾನೇನ್ ತಪ್ಪು ಮಾಡ್ದೆ ಅಂತ ಗೋಡೆ ಜೊತೆ ಸಂಸಾರ ಮಾಡ್ತಿದ್ದೀರಾ?" ಎಂದಳು ಅವಳು. ಅವನು ಬಾಯಿಗೆ ಕೈ ಅಡ್ಡ ಹಿಡಿದು, "ಏನಿಲ್ಲ, ಸುಸ್ತು" ಎಂದ.

ಒಂದು ಸೋಮವಾರ ಯಜಮಾನರು ಅವನ ಮುಖ ನೋಡದೆ ಕ್ಯಾಲೆಂಡರ್ ನೋಡುತ್ತಾ ಹೇಳಿದರು: "ಫ್ರೇಮಣ್ಣ, ಇನ್ಮೇಲೆ ನೀನು ಒಳಗಿನ ಮಿಷನ್ ನೋಡ್ಕೋ. ಗಾಜು ಅರೆಯೋಕೆ ನಿನ್ನಂಥ ಕೈ ಬೇಕು." ಅವನ ಜಾಗಕ್ಕೆ ಕೌಂಟರಿನ ಹುಡುಗಿ ಬಂದಳು. ಅಂಗಡಿಗೆ ಸೇರಿ ಎರಡೇ ವರ್ಷವಾಗಿದ್ದ ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಕೆಲಸವನ್ನೂ ಅವನಿಂದಲೇ ಕಲಿತಿದ್ದಳು. ಇವಳೇ ಚಾಡಿ ಹೇಳಿರಬೇಕು ಎಂದು ಫ್ರೇಮಣ್ಣ ತೀರ್ಮಾನಿಸಿಬಿಟ್ಟ. ಯಾರನ್ನೂ ಕೇಳಲಿಲ್ಲ. ಕೇಳಲು ಬಾಯಿ ತೆರೆಯಬೇಕಲ್ಲ!

ಒಂದು ಮಧ್ಯಾಹ್ನ ಅವಳು ಕಣ್ಣುಪಾಪೆಗಳ ಅಂತರ ಬರೆದು ಕಳಿಸಿದ ಚೀಟಿಯಲ್ಲಿ 61 ಎಂದಿತ್ತು. ಅವನು ಪೆನ್ನು ತೆಗೆದು ಒಂದರ ತಲೆಯ ಮೇಲೊಂದು ಗೀಟು ಎಳೆದ. 67 ಆಯಿತು. ಗಾಜನ್ನು ಆ ಅಳತೆಗೇ ಅರೆದ.

ಮೂರನೇ ದಿನ ಆ ಗಿರಾಕಿ ಬಂದರು. ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಹೊಸ ಕನ್ನಡಕ ಹಾಕಿದರೆ ತಲೆ ಸಿಡಿದುಹೋಗುತ್ತಿದೆ ಎಂದು ರೇಗಿದರು. ಚೀಟಿ ಹೊರಬಂತು.

"ನಾನು ಅರವತ್ತೊಂದೇ ಬರ್ದಿದ್ದು ಸರ್" ಎಂದಳು ಹುಡುಗಿ.

"ಅಂಕಿ ಬರೆಯೋಕೂ ಬಾರದವಳನ್ನ ಯಾಕೆ ಇಟ್ಕೊಂಡಿದ್ದೀರಿ?" ಎಂದರು ಗಿರಾಕಿ. ಯಜಮಾನರು ಎಲ್ಲರೆದುರೇ ಅವಳನ್ನು ಬೈದರು. ಅವಳು ತಿರುಗಿ ಒಳಕೋಣೆಯತ್ತ ನೋಡಿದಳು. ಫ್ರೇಮಣ್ಣ ಓಡದೇ ಇದ್ದ ಮಿಷನ್ನಿನ ಮೇಲೆ ತಲೆ ಬಗ್ಗಿಸಿಕೊಂಡ. ಆ ವಾರವೇ ಅವಳು ಕೆಲಸ ಬಿಟ್ಟು ಪಕ್ಕದ ಬೀದಿಯ ಔಷಧಿ ಅಂಗಡಿಗೆ ಸೇರಿದಳು.

ಹತ್ತು ದಿನ ಕಳೆದು, ಕೆಮ್ಮಿದಾಗ ಅವನ ಬಾಯಿಂದ ಅಕ್ಕಿನುಚ್ಚಿನಷ್ಟು ದೊಡ್ಡ ಹಳದಿ ಕಾಳೊಂದು ಉದುರಿತು. ಬೆರಳಲ್ಲಿ ಹಿಸುಕಿದ. ಆ ನಾತಕ್ಕೆ ಅವನೇ ಮುಖ ತಿರುಗಿಸಿದ. ಒಳಗೇನೋ ಕೊಳೆಯುತ್ತಿದೆ ಎಂಬ ಭಯಕ್ಕೆ ಅಂದೇ ಗಂಟಲಿನ ಡಾಕ್ಟರಲ್ಲಿಗೆ ಓಡಿದ.

ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಹಿಡಿದು ಅವನ ಗಂಟಲನ್ನು ಪರದೆಯ ಮೇಲೆ ತೋರಿಸಿದರು. ಕಿರುನಾಲಿಗೆಯ ಎರಡೂ ಪಕ್ಕ ಒಂದೊಂದು ಕೆಂಪು ಉಂಡೆ. ಅವುಗಳ ಮೈ ತುಂಬ ಗುಳಿಗಳು.

"ಟಾನ್ಸಿಲ್ ಅಂದ್ರೆ ಇದೇ. ಈ ಗುಳಿಗಳು ಒಳಗಡೆ ಕವಲೊಡೆದು ಆಳಕ್ಕೆ ಹೋಗಿರ್ತವೆ. ಬೇಕಂತಲೇ ಹಾಗಿರೋದು. ಉಸಿರಲ್ಲಿ, ಊಟದಲ್ಲಿ ಬರೋ ರೋಗಾಣು ಇಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಗುಳಿಯ ಒಳಚರ್ಮ ತುಂಬ ತೆಳು. ಅದರಾಚೆ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಕೂತಿರ್ತವೆ. ಬಂದವನು ಯಾರು ಅಂತ ಗುರುತು ಹಿಡಿದು, ಅವನಿಗೆ ತಕ್ಕ ಪ್ರತಿಕಾಯ ತಯಾರು ಮಾಡ್ತವೆ."

"ಮತ್ತೆ ಈ ಕಾಳು?"

"ಸತ್ತ ಕಣ, ಅನ್ನದ ಚೂರು, ಬ್ಯಾಕ್ಟೀರಿಯಾ ಎಲ್ಲಾ ಗುಳಿಯಲ್ಲೇ ಉಳಿದು ಸುಣ್ಣ ಕಟ್ಟಿದೆ. ಆ ವಾಸನೆ ಅದರದ್ದೇ. ಈಗ ತೆಗೀತೀನಿ. ಊಟ ಆದ ಮೇಲೆ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ. ಇಷ್ಟಕ್ಕೆಲ್ಲಾ ಟಾನ್ಸಿಲ್ ಕತ್ತರಿಸೋದು ಬೇಡ. ನೀವು ನಾಚ್ಕೊಳ್ಳೋ ಅಂಥದ್ದೇನೂ ಮಾಡಿಲ್ಲ."

ಆ ಕೊನೆಯ ಮಾತಿಗೆ ಅವನು ತಲೆ ಎತ್ತಲಿಲ್ಲ.

ಮರುದಿನ ಯಜಮಾನರಿಗೆ ವಿಷಯ ತಿಳಿಸಿದ. ಅವರು ಹೊರೆ ಇಳಿದವರಂತೆ ಕುರ್ಚಿಗೆ ಒರಗಿದರು. "ನಿನಗೆ ಹೇಗಪ್ಪಾ ಹೇಳೋದು ಅಂತ ಒದ್ದಾಡ್ತಿದ್ದೆ. ಗಿರಾಕಿಗಳೇ ಬಂದು ಹೇಳಿದ್ರು. ಆ ಹುಡುಗಿ ಒಬ್ಬಳೇ, 'ಅದು ಗಾಜು ಒರೆಸೋ ದ್ರಾವಣದ ವಾಸನೆ' ಅಂತ ಎಲ್ಲರ ಹತ್ರ ವಾದ ಮಾಡ್ತಿದ್ಲು."

ಫ್ರೇಮಣ್ಣ ನಿಂತಲ್ಲೇ ಗೀಟಿನ ಕಥೆ ಹೇಳಿಬಿಟ್ಟ. ಯಜಮಾನರು ಕುರ್ಚಿಯಿಂದ ಎದ್ದು, "ನನ್ನ ಹತ್ರ ಯಾಕೆ ನಿಂತಿದ್ದೀಯ? ಅವಳ ಹತ್ರ ಹೋಗು. ಅವಳಿಗೆ ನಾನೂ ಮುಖ ತೋರಿಸ್ಬೇಕಿದೆ" ಎಂದರು.

ಔಷಧಿ ಅಂಗಡಿಯಲ್ಲಿ ಹುಡುಗಿ ಸೀಸೆಗಳನ್ನು ಜೋಡಿಸುತ್ತಿದ್ದಳು. ಅವನು ತಡವರಿಸುತ್ತಾ ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಅಣ್ಣ. ನಾನು ಏಳು ಬರೆದ್ರೆ ನಡುವೆ ಅಡ್ಡಗೆರೆ ಹಾಕ್ತೀನಿ. ಆ ಚೀಟೀಲಿ ಅದು ಇರ್ಲಿಲ್ಲ."

"ಮತ್ಯಾಕಮ್ಮಾ ಹೇಳ್ಲಿಲ್ಲ?"

"ಯಾರು ನಂಬ್ತಿದ್ರು? ನಿಮ್ದು ಹದಿನಾರು ವರ್ಷ, ನಂದು ಎರಡು." ಅವಳು ಕೊನೆಯ ಸೀಸೆ ಇಟ್ಟು ಅವನತ್ತ ತಿರುಗಿದಳು. "ನಾನು ವಾಪಸ್ ಬರಲ್ಲ. ಆದ್ರೆ ಆ ಗಿರಾಕಿ ಅಷ್ಟು ಜನರೆದುರು ಅಂದ ಮಾತು ಇನ್ನೂ ಕಿವಿಯಲ್ಲಿದೆ. ಅವರಿಗೆ ಹೇಳಿ."

ಮುದ್ರಣಾಲಯ ನಾಲ್ಕು ಬೀದಿ ಆಚೆ. ಮೇಜಿನ ತುಂಬ ಕರಡು ಹರವಿಕೊಂಡಿದ್ದವರ ಮುಂದೆ ಕೈಕಟ್ಟಿ ನಿಂತು ಅವನು ಮತ್ತೆ ಎಲ್ಲವನ್ನೂ ಹೇಳಿದ. ಮೂರನೇ ಸಲ ಹೇಳುವಾಗ ಸುಲಭವಾಗಬಹುದು ಎಂದುಕೊಂಡಿದ್ದ, ಆಗಲಿಲ್ಲ. ಅವರು ಬೈಯಲಿಲ್ಲ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಎದ್ದರು.

"ಆ ಮಗು ಈಗ ಎಲ್ಲಿದೆ?"

ಫ್ರೇಮಣ್ಣ ದಾರಿ ಹೇಳಿದ. ಅವರು ಚಪ್ಪಲಿ ಮೆಟ್ಟಿ ಹೊರಟರು. ಅವನೂ ನಾಲ್ಕು ಹೆಜ್ಜೆ ಹಿಂದೆ ನಡೆದ. ಅವರು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿ ಹುಡುಗಿಯೆದುರು ಕೈಮುಗಿದು ಏನೋ ಹೇಳುವುದು ಕಾಣಿಸಿತು. ಫ್ರೇಮಣ್ಣ ಒಳಗೆ ಹೋಗಲಿಲ್ಲ. ರಸ್ತೆಯ ಈಚೆ ಬದಿಯಲ್ಲೇ ನಿಂತುಕೊಂಡ.